ಕೊಂಡಿಯ ಬಾಯಿ

ಬ್ಯಾಂಕಿನ ಮೂರನೇ ಕಿಟಕ್ಯಾಗ ಕೂಡೂ ಬಾಯಾರು
ರೊಕ್ಕ ತಗಿಯೂ ಚೀಟಿಯೊಳಗ ಮಡಚಿ ತಂದ್ರು
ನಾ ಮಾರಿದ ಮೊದಲನೇ ಜೋಡಿಯ ಒಂದು ಝುಮಕಿ.
"ನೋಟು ಎಣಿಸೂವಾಗ ಬಿತ್ರೀ,
ಲೆಕ್ಕ ತಪ್ಪಿ ಮತ್ತ ಮೊದಲಿಂದ ಎಣಿಸಿದೆ"
ಅಂದು ನಕ್ಕರು. ಬೈದಿದ್ರ ಚಲೋ ಇತ್ತು.

ಖಣದ ತುಂಡಿಗೆ ಏನೂ ಆಗಿರಲಿಲ್ಲ.
ಆನಿಹೆಜ್ಜಿ ಇದ್ದಂಗ ಐತಿ, ಅಂಚಿನ ಅಂಟು ಬಿಟ್ಟಿಲ್ಲ,
ಕೆಳಗಿನ ಮಣಿ ಮೂರಕ್ಕ ಮೂರೂ ಅದಾವು.
ಕೈ ಕೊಟ್ಟಿದ್ದು ನಡುವಿನ ಕೊಂಡಿ.
ಜೋಳದ ಕಾಳಿಗಿಂತ ಸಣ್ಣದು,
ಬಾಯಿ ತಕ್ಕೊಂಡು ಕುಂತಿತ್ತು.

ಗುಳೇದಗುಡ್ಡದಾಕಿ ನಾ.
ಇಪ್ಪತ್ತಾರು ವರ್ಷ ಕುಣಿಮಗ್ಗದಾಗ ಕಾಲು ಇಳಿಬಿಟ್ಟು
ಹರಿದ ಎಳಿಗೆ ಗಂಟು ಹಾಕೇನಿ,
ಕರೆಂಟ್ ಹೋದಾಗ, ಕೂಸು ಮಡಿಲಾಗಿದ್ದಾಗ,
ಅತ್ತಿ ಬೈಯೂವಾಗ.
ಎಳಿ ಹೇಳಿದ ಮಾತು ಕೇಳತೈತಿ.
ತಂತಿಗೆ ಗಂಟು ಅನ್ನೂದ ಇಲ್ಲ.

ಆವತ್ತು ಎರಡೂ ತುದಿ ಹಿಡದು ಅತ್ತಿತ್ತ ಜಗ್ಗಿದ್ದೆ,
ಸಂತ್ಯಾಗ ಚೀಲದ ಬಾಯಿ ಅಗಲಿಸಿದಂಗ.
ಆಮ್ಯಾಲ ಹಲ್ಲಿಂದ ಒತ್ತಿ ಮುಚ್ಚಿದ್ದೆ.
ಅದನ್ನ ಯಾರಿಗೂ ಹೇಳಿರಲಿಲ್ಲ.

ಮಿಸ್ಬಾ ಹೇಳಿಸಿಕೊಳ್ಳಲಿಲ್ಲ, ನೋಡಿದ್ಲು ಅಷ್ಟ.
"ಮೌಶೀ, ಇದು ಹಲ್ಲಿನ ಗುರುತಲ್ಲ?"
ಹತ್ತೊಂಬತ್ತರ ಹುಡುಗಿ, ಬಳಿಗಾರ ಅಜ್ಜನ ಮೊಮ್ಮಗಳು,
ಪರ್ಸಿನಾಗ ಎರಡು ಸಣ್ಣ ಪಕ್ಕಡ.
"ಮನ್ಯಾಗ ಹೋಗಬೇಕಂದ್ರ
ಬಾಗಲಾ ತಗೀತೀರೋ, ಚೌಕಟ್ಟು ಹಿಗ್ಗಸತೀರೋ?"

ಸಂದು ಮ್ಯಾಲಿರಲಿ, ಹನ್ನೆರಡರ ಮುಳ್ಳಿನ ಕಡೆ.
ಎಡಕ್ಕೊಂದು ಬಲಕ್ಕೊಂದು ಪಕ್ಕಡ.
ಒಂದು ತುದಿ ನಿಮ್ಮ ಎದಿ ಕಡೆ,
ಇನ್ನೊಂದು ಎದುರಿನ ಗ್ವಾಡಿ ಕಡೆ.
ದುಂಡಗಿದ್ದದ್ದು ದುಂಡಗ ಉಳೀಬೇಕು,
ಒಮ್ಮೆ ಜಗ್ಗಿದ್ದು ಮತ್ತ ದುಂಡಗ ಆಗೂದಿಲ್ಲ.
ಮುಚ್ಚೂವಾಗ ಬಂದ ದಾರೀಲೇ ವಾಪಸ್,
ಮನಿ ದಾಟಿ ಒಂದು ಹೆಜ್ಜಿ ಮುಂದ ಹೋಗಿ ತಿರುಗಿ ಬರ್ರಿ,
ಮತ್ತೊಮ್ಮೆ ದಾಟರಿ, ಮತ್ತ ಬರ್ರಿ.
ತಂತಿಗೆ ಹಟ ಐತಿ, ಬಿಟ್ಟರ ಹಿಂದಕ್ಕ ಸರೀತೈತಿ,
ಅದಕ್ಕ ಒಂದೀಟು ಜಾಸ್ತಿ.
ಕಡೀಕ ಟಿಕ್ ಅಂತೈತಿ.
"ಭಾರ ಹೊರೂ ಕಡೆ ದಪ್ಪ ತಂತೀದು ಹಾಕರಿ,
ಸಣ್ಣದು ಚಂದ ಕಾಣತೈತಿ, ಚಂದಕ್ಕ ಜೀವ ಇಲ್ಲ."

ಆ ಟಿಕ್ ನನಗ ಕೇಳಿಸಲಿಲ್ಲ.
ಮಗ್ಗದ ಸಪ್ಪಳ ತಿಂದು ಉಳಿದ ಕಿವಿ ಇವು.

ಐವತ್ತು ಕೊಂಡಿ ಕೊಟ್ಟು ಹ್ವಾದ್ಲು.
ಹನ್ನೊಂದು ಮುರದವು. ಆರು ಹಾರಿದವು,
ಅದರಾಗ ಎರಡು ಎಲ್ಲದಾವಂತ
ಕಸಬರಿಗಿ ಒಂದಕ್ಕ ಗೊತ್ತು.
ಉಳದವೆಲ್ಲಾ ಮುಚ್ಚಿದಂಗ ಕಂಡವು.
ಕಣ್ಣಿಗೇನು, ಚಾಳೀಸ ಹಾಕಿದ್ರೂ
ಎಲ್ಲಾ ಸರಿ ಐತಿ ಅಂತೈತಿ.

ಆಗ ಬೆರಳಿಗೆ ನೆನಪಾತು.
ಖಣದ ತುಂಡಿಂದ ಒಂದು ರೇಷ್ಮಿ ಎಳಿ ಬಿಡಿಸಿ
ಕೊಂಡಿ ಸುತ್ತ ಹಾಯಿಸಿದೆ, ಮೆಲ್ಲಕ,
ಹಾಸಿನಾಗ ಹೊಕ್ಕು ಹಾದಂಗ.
ಎಲ್ಲಿ ಎಳಿ ತಡೀತೋ ಅಲ್ಲಿ ಇನ್ನೂ ಬಾಯಿ.
ಮೂವತ್ಮೂರರಾಗ ಒಂಬತ್ತು ಪಾಸಾದವು.

ಮರುದಿನ ಮಿಸ್ಬಾ ನೋಡಿ ಏನೂ ಅನ್ನಲಿಲ್ಲ.
ತನ್ನ ಡಬ್ಬಿ ತಗದು
ತನ್ನ ಕೊಂಡಿಗೋಳಿಗೂ ಎಳಿ ಹಾಯಿಸಿದ್ಲು.
ನಾಕು ಕಡೆ ತಡೀತು.
"ಯಾ ಅಲ್ಲಾ" ಅಂದು
ಎಳಿ ಬೆರಳಿಗೆ ಸುತಿಗೊಂಡು ಹ್ವಾದ್ಲು.

ಝುಮಕಿ ಕೊಡಾಕ ಬ್ಯಾಂಕಿಗೆ ಹೋದೆ.
ಬಾಯಾರು ಪಿನ್ನಿನ ಡಬ್ಬಿಯಿಂದ ಅದರ ಜೋಡಿ ತಗದು
ಎರಡೂ ಕೂಡಿಸಿ ನೋಡಿದ್ರು. "ಚಲೋ ಆತು."
"ಅದನ್ನೂ ಇತ್ತ ಕೊಡ್ರಿ" ಅಂದೆ.
"ಇದು ಬಿದ್ದಿಲ್ಲಲ್ರೀ?"
ಬಿದ್ದಿಲ್ಲ, ಖರೆ.
ಎಳಿ ಹಾಯಿಸಿದೆ. ತಡೀತು.

ಹಿಂದ ಪಾಳಿ ಗೊಣಗತಿತ್ತು,
ಯಾರೋ ಪಾಸ್‌ಬುಕ್ಕಿಲೆ ಗಾಳಿ ಬೀಸಿಕೊಳ್ಳಾಕತ್ತಿದ್ರು.
ಚೀಲದಿಂದ ಎರಡೂ ಪಕ್ಕಡ ತಗದೆ.
ಒಂದು ತುದಿ ನನ್ನ ಎದಿ ಕಡೆ,
ಇನ್ನೊಂದು ಗಾಜಿನ ಕಡೆ.